ಕೆರೆ, ಕಟ್ಟೆ ಮತ್ತು ಕಪ್ಪೆ

ಸೊನ್ನಲಿಗೆಯ ಸಿದ್ಧರಾಮರನ್ನು ನೆನೆದೊಡನೆ ಕಣ್ಣೆದುರು ಬರುವುದು ಒಂದು ಕೆರೆ. 12ನೆಯ ಶತಮಾನದ ಶರಣಸಮೂಹದಲ್ಲಿ ಹಾರೆ ಗುದ್ದಲಿಗಳ ಸದ್ದಿನೊಡನೆ ಹೆಸರು ಬೆಸೆದುಕೊಂಡವರಲ್ಲಿ ಅವರೇ ಅಗ್ರಗಣ್ಯರು. ರಾಘವಾಂಕನು ‘ಸಿದ್ಧರಾಮ ಚಾರಿತ್ರ’ದಲ್ಲಿ ಆ ಕೆರೆಯ ಕೆಲಸವನ್ನು ವಿಸ್ತರಿಸಿ ಹೇಳಿದ್ದಾನೆ. ಶೂನ್ಯಸಂಪಾದನೆಯಲ್ಲಿ ಪ್ರಭುದೇವರು ಸೊನ್ನಲಿಗೆಗೆ ಬಂದು, ಕೆರೆ ಅಗೆಯುತ್ತಿದ್ದವರ ಮುಂದೆ ‘ಒಡ್ಡರಾಮ’ ಎಂದು ಸಿದ್ಧರಾಮರನ್ನು ಹಗುರವಾಗಿ ಕರೆದು, ಅವರ ಕೋಪವನ್ನು ಕೆರಳಿಸಿ, ಕಡೆಗೆ ಅರಿವಿನ ಕಡೆಗೆ ಅವರನ್ನು ತಿರುಗಿಸುವ ಪ್ರಸಂಗವನ್ನು ಸಾಹಿತ್ಯದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಕೆರೆ ಕಟ್ಟುವ ಪುಣ್ಯ ದೊಡ್ಡದೋ, ತನ್ನನ್ನು ತಾನರಿಯುವುದು ದೊಡ್ಡದೋ ಎಂಬ ಚರ್ಚೆಯನ್ನು ತರಗತಿಯಲ್ಲಿ ನಾನು ಹಲವು ವರ್ಷ ಮಾಡಿಸಿದ್ದೇನೆ. ಆ ಕೆರೆಯಾದರೋ ಸೊಲ್ಲಾಪುರ ನಗರದ ನಡುವೆ, ಸಿದ್ಧೇಶ್ವರ ದೇವಾಲಯವನ್ನು ಬಳಸಿಕೊಂಡು, ಇಂದಿಗೂ ಇದೆ.

ಒಮ್ಮೆ ಈ ಪಾಠ ನಡೆದಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದುನಿಂತು, “ಸಾರ್, ಆ ಕೆರೆಯಲ್ಲಿ ಮೊದಲು ಇಳಿದವರು ಯಾರು?” ಎಂದು ಕೇಳಿದನು. ನಾನು ಭಕ್ತರು, ದನಕರುಗಳು, ಹಕ್ಕಿಗಳು ಎಂದೆಲ್ಲ ಹೇಳಿದೆ. ಅವನು ತಲೆಯಾಡಿಸಿ, “ಅಲ್ಲ ಸಾರ್, ಕಪ್ಪೆ. ನಮ್ಮ ಹೊಲದಲ್ಲಿ ಗುಂಡಿ ತೋಡಿದ ಮೂರನೇ ದಿನವೇ ಬಂದಿತ್ತು” ಎಂದನು. ತರಗತಿ ನಕ್ಕಿತು, ನಾನೂ ನಕ್ಕೆ. ಈಗ ಯೋಚಿಸಿದರೆ ಆ ಹುಡುಗನ ಉತ್ತರವೇ ನನ್ನದಕ್ಕಿಂತ ಸರಿಯಾಗಿತ್ತೆಂದು ತೋರುತ್ತದೆ. ನಮ್ಮ ಜಲಾಶ್ರಯಗಳ ಇತಿಹಾಸವನ್ನು ಬರೆದವರು ಅರಸನನ್ನು ಕಂಡರು, ದಾನಿಯನ್ನು ಕಂಡರು, ಗದ್ದೆಯನ್ನು ಕಂಡರು; ಕಪ್ಪೆಯನ್ನು ಕಾಣಲಿಲ್ಲ. ಕಪ್ಪೆಯ ಕಡೆಯಿಂದ ನೋಡಿದರೆ ಆ ಇತಿಹಾಸದ ಯಾವ ಭಾಗ ನಮಗೆ ಮರೆತುಹೋಗಿದೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕನ್ನಡ ನಾಡಿನಲ್ಲಿ ಕೆರೆಯ ದಾಖಲೆಗಳು ರಾಜ್ಯಗಳ ದಾಖಲೆಗಳಷ್ಟೇ ಹಳೆಯವು. ಕವಿ ಕುಬ್ಜನು ರಚಿಸಿದ ತಾಳಗುಂದದ ಸ್ತಂಭಶಾಸನವು ಕದಂಬರ ವಂಶದ ಕಥೆಯನ್ನೆಲ್ಲ ಹೇಳಿ ಕೊನೆಗೆ ಬಂದು ನಿಲ್ಲುವುದು ಕಾಕುಸ್ಥವರ್ಮನು ಕಟ್ಟಿಸಿದ ಒಂದು ಕೆರೆಯ ಬಳಿಯಲ್ಲಿ. ಸಪ್ತಸಂತಾನಗಳೆಂದು ಹಿಂದಿನವರು ಎಣಿಸಿದ ಏಳರಲ್ಲಿ ಮಗನಷ್ಟೇ ಗೌರವದ ಸ್ಥಾನ ಕೆರೆಗಿದೆ. ಕೆರೆಯನ್ನು ಕಟ್ಟಿದವನಿಗೂ ಕಾಯುವವನಿಗೂ ಭೂಮಿಯನ್ನು ಬಿಟ್ಟ ಶಾಸನಗಳು ನೂರಾರು. ಇವುಗಳಲ್ಲೆಲ್ಲ ಶಾಸ್ತ್ರೀಯವಾಗಿ ಅತ್ಯಂತ ಮಹತ್ತ್ವದ್ದು ಕ್ರಿ.ಶ. 1369ರ ಪೋರುಮಾಮಿಳ್ಳ ಶಾಸನ. ಇಂದಿನ ಆಂಧ್ರದ ಕಡಪ ಸೀಮೆಯಲ್ಲಿ, ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಅನಂತರಾಜಸಾಗರವೆಂಬ ಕೆರೆಯನ್ನು ಕಟ್ಟಿಸಿದಾಗ ಹಾಕಿಸಿದ್ದು ಅದು. ದಿನವೊಂದಕ್ಕೆ ಸಾವಿರ ಆಳು, ಕಲ್ಲು ಸಾಗಿಸಲು ನೂರು ಬಂಡಿ, ಎರಡು ವರ್ಷದ ದುಡಿಮೆ ಎಂದು ಅದರಲ್ಲಿ ಲೆಕ್ಕವಿದೆ. ಅದಕ್ಕಿಂತ ಮುಖ್ಯವಾಗಿ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಅದು ಎಣಿಸುತ್ತದೆ. ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ಅಂಗಳದ ನಡುವೆ ನೆಲ ಉಬ್ಬಿರುವುದು, ನೀರು ಕಡಿಮೆಯಾಗಿ ನೆಲ ಹೆಚ್ಚಿರುವುದು, ನೀರು ಹೆಚ್ಚಾಗಿ ನೆಲ ಕಡಿಮೆಯಿರುವುದು, ಇವೇ ಆ ಆರು ದೋಷಗಳು.

ಈ ಪಟ್ಟಿಯನ್ನು ನಾನು ಅನೇಕ ಸಲ ಓದಿದ್ದೆ. ಕಪ್ಪೆಯ ಜೀವನಕ್ರಮವನ್ನು ಸ್ವಲ್ಪ ತಿಳಿದುಕೊಂಡ ಮೇಲೆ ಮತ್ತೊಮ್ಮೆ ಓದಿದಾಗ ಬೆರಗಾಯಿತು. ನಡುವಿನ ಉಬ್ಬು, ವಿಸ್ತಾರವಾಗಿ ಹರಡಿದ ತೆಳುನೀರು, ಬೇಸಗೆಯಲ್ಲಿ ಬತ್ತುವ ಅಂಗಳ: ಗದ್ದೆಯ ದೃಷ್ಟಿಯಿಂದ ಶಾಸನಕಾರನು ದೋಷವೆಂದದ್ದು ಕಪ್ಪೆಗೆ ಗುಣ. ಶಾಸನಕಾರನು ತಪ್ಪಿದನೆಂದು ಇದರ ಅರ್ಥವಲ್ಲ. ಅವನು ಭತ್ತಕ್ಕಾಗಿ ಕೆರೆ ಕಟ್ಟುತ್ತಿದ್ದನು. ಆಳವಾದ, ಹೆಚ್ಚು ದಿನ ನಿಲ್ಲುವ ನೀರು ಅವನಿಗೆ ಬೇಕಿತ್ತು. ಹಾಗಾದರೆ ಕಪ್ಪೆಗೆ ಬೇಕಾದ ನೀರನ್ನು ನಮ್ಮ ಹಿರಿಯರು ಎಲ್ಲಿಟ್ಟಿದ್ದರು?

ಉತ್ತರವು ನಮ್ಮ ಭಾಷೆಯಲ್ಲಿಯೇ ಇದೆ. ‘ಕೆರೆಕಟ್ಟೆ’ ಎಂಬ ಜೋಡುನುಡಿಯನ್ನು ನಾವು ಬರಿಯ ಮಾತಿನ ಅಭ್ಯಾಸವೆಂದು ಭಾವಿಸುತ್ತೇವೆ. ವಾಸ್ತವವಾಗಿ ಅವು ಎರಡು ಬೇರೆ ವಸ್ತುಗಳು. ಕೆರೆಗೆ ಏರಿ, ತೂಬು, ಕೋಡಿ, ಅಚ್ಚುಕಟ್ಟು ಇವೆ. ನೀರು ಬಿಡಲು ನೀರಗಂಟಿ ಇದ್ದಾನೆ. ಕಟ್ಟೆಗೆ ಇವೊಂದೂ ಇಲ್ಲ. ಇಳಿಜಾರಿಗೆ ಅಡ್ಡಲಾಗಿ ಒಂದು ಮಣ್ಣಿನ ದಿಬ್ಬ, ಅದರ ಹಿಂದೆ ಮಳೆಗಾಲದ ನೀರು, ಅಷ್ಟೆ. ಕುಂಟೆ, ಹೊಂಡ, ಗುಂಡಿ, ಗೋಕಟ್ಟೆ ಇವೆಲ್ಲ ಆ ಬಳಗದವು. 1866ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರನಾಗಿದ್ದ ಸ್ಯಾಂಕಿಯು, ಈ ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕಬೇಕಾದರೆ ಜಾಣತನವೇ ಬೇಕು ಎಂಬರ್ಥದ ಮಾತನ್ನು ಬರೆದಿಟ್ಟಿದ್ದಾನೆ. ಇಂದಿಗೂ ರಾಜ್ಯದ ಕೆರೆಗಳ ಸಂಖ್ಯೆಯನ್ನು ಮೂವತ್ತಾರು ಸಾವಿರಕ್ಕೂ ಮೇಲೆಂದು ಹೇಳುತ್ತಾರೆ. ಕಟ್ಟೆ ಕುಂಟೆಗಳನ್ನು ಎಣಿಸಿದವರು ವಿರಳ. ಅವುಗಳಿಗೆ ಶಾಸನವಿಲ್ಲ, ಏಕೆಂದರೆ ಅವುಗಳಿಂದ ಕಂದಾಯವಿಲ್ಲ. ಊರಿನ ನಾಲ್ಕು ಜನ ಬೇಸಗೆಯ ಬಿಡುವಿನಲ್ಲಿ ಕೂಡಿ ಅಗೆದರು. ಅಗೆದವರ ಹೆಸರು ಎಲ್ಲಿಯೂ ಉಳಿಯಲಿಲ್ಲ. ಇತಿಹಾಸಕಾರರಾದ ನಾವು ಕಲ್ಲಿನ ಮೇಲೆ ಬರೆದುದನ್ನು ಮಾತ್ರ ನಂಬುವವರಾದ್ದರಿಂದ ಕಟ್ಟೆಯು ನಮ್ಮ ಕಣ್ಣಿಗೆ ಬೀಳದೆ ಹೋಯಿತು.

ಕಪ್ಪೆಯ ಕಣ್ಣಿಗೆ ಮೊದಲು ಬೀಳುವುದು ಇಂತಹ ಕಟ್ಟೆಯೇ. ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಕಪ್ಪೆ ಉಭಯವಾಸಿ. ತತ್ತಿಯೂ ಮರಿಯೂ ನೀರಿನಲ್ಲಿ. ಬೆಳೆದ ಜೀವ ನೆಲದ ಮೇಲೆ. ರೋಹಿಣಿ, ಮೃಗಶಿರೆಯ ಮೊದಲ ಬಿರುಮಳೆ ಬಿದ್ದ ರಾತ್ರಿ, ತಿಂಗಳುಗಟ್ಟಲೆ ಮಣ್ಣಿನೊಳಗೆ ಹುದುಗಿದ್ದ ಗೋಂಕರುಗಪ್ಪೆಗಳು ಹೊರಬೀಳುತ್ತವೆ. ಗಂಡಿನ ಮೈ ಅರಿಸಿನದ ಬಣ್ಣಕ್ಕೆ ತಿರುಗಿ, ಗಂಟಲಿನ ಎರಡೂ ಬದಿಯಲ್ಲಿ ನೀಲಿಯ ಚೀಲಗಳು ಉಬ್ಬುತ್ತವೆ. ನೆಲಗಪ್ಪೆಯು ಲೋಳೆಯ ದಾರದಲ್ಲಿ ಕರಿಮಣಿ ಪೋಣಿಸಿದಂತೆ ತತ್ತಿಗಳನ್ನು ನೀರಗಿಡಗಳಿಗೆ ಸುತ್ತುತ್ತದೆ. ಮರಗಪ್ಪೆಯು ನೀರಿಗೆ ಬಾಗಿದ ಎಲೆಯ ಮೇಲೋ ಗೋಡೆಯ ಮೇಲೋ ನೊರೆಯ ಗೂಡು ಕಟ್ಟುತ್ತದೆ. ಮರಿಗಳು ಅದರಿಂದ ಕೆಳಗಿನ ನೀರಿಗೆ ಉದುರುತ್ತವೆ. ಮುಂದಿನ ಕೆಲವು ವಾರಗಳು ಗೊದಮೊಟ್ಟೆಯ ಬಾಳು. ಬಾಲ ಕರಗಿ ಕಾಲು ಮೂಡುವ ತನಕ ನೀರು ನಿಂತಿದ್ದರೆ ಸಾಕು.

ಈ ಗೊದಮೊಟ್ಟೆಗೆ ಬಹು ದೊಡ್ಡ ಶತ್ರು ಮೀನು. ವರ್ಷವಿಡೀ ನೀರು ನಿಲ್ಲುವಲ್ಲಿ ಮೀನು ಇರುತ್ತದೆ. ಮೀನು ಹೆಚ್ಚಿದಲ್ಲಿ ತತ್ತಿ ಮರಿಗಳು ಉಳಿಯುವುದು ಕಷ್ಟ. ಬೇಸಗೆಯಲ್ಲಿ ಬತ್ತುವ ಕಟ್ಟೆಯಲ್ಲಿ ಮೀನು ನೆಲೆಗೊಳ್ಳಲಾರದು. ಆದ್ದರಿಂದಲೇ ಬಹುಪಾಲು ಕಪ್ಪೆಗಳು ದೊಡ್ಡ ಕೆರೆಯ ಆಳವನ್ನು ಬಿಟ್ಟು ಅದರ ಹಿನ್ನೀರಿನ ತೆಳುವನ್ನೂ ಪಕ್ಕದ ಕುಂಟೆಯನ್ನೂ ಆರಿಸಿಕೊಳ್ಳುತ್ತವೆ. ನೀರಿನ ಮೇಲೆ ಚಿಮ್ಮಿ ಓಡುವ ಸಣ್ಣ ಕಪ್ಪೆಯಂತಹ ಕೆಲವು ಮಾತ್ರ ನಿಂತ ನೀರಿನಲ್ಲೇ ಸದಾ ಇರುತ್ತವೆ. ಕಟ್ಟೆ ಬತ್ತಿತೆಂದು ನಾವು ಮರುಗುತ್ತೇವೆ. ಕಪ್ಪೆಯ ಪಾಲಿಗೆ ಆ ಬತ್ತುವಿಕೆಯೇ ರಕ್ಷೆ. ನೆಲದೊಳಗೆ ಹುದುಗಿ ಬರವನ್ನು ಕಳೆಯುವ ವಿದ್ಯೆ ಅದಕ್ಕೆ ಗೊತ್ತು, ಮೀನಿಗೆ ಗೊತ್ತಿಲ್ಲ. ಬೆಂಗಳೂರಿನ ಹೊರವಲಯದ ಬಯಲಿನಲ್ಲಿ ಸಿಕ್ಕ, ಹೀಗೆ ಮಣ್ಣು ತೋಡಿ ಅಡಗುವ ಒಂದು ಕಪ್ಪೆ ವಿಜ್ಞಾನಕ್ಕೆ ಹೊಸ ಜಾತಿಯೆಂದು 2020ರಲ್ಲಿ ಪ್ರಕಟವಾಯಿತು. ಅದರ ಶಾಸ್ತ್ರೀಯ ನಾಮದಲ್ಲಿ ‘ಬೆಂಗಳೂರು’ ಎಂಬ ಪದವೇ ಇದೆ. ಅಷ್ಟು ಜನ ಓಡಾಡುವ ನೆಲದಲ್ಲಿ ಅಷ್ಟು ಕಾಲ ಅದು ಯಾರಿಗೂ ಗುರುತು ಸಿಗದೆ ಇತ್ತು.

ಸಾಹಿತ್ಯದಲ್ಲಿ ಕಪ್ಪೆಗೆ ಸಿಕ್ಕ ಸ್ಥಾನವೂ ವಿಚಿತ್ರವಾದದ್ದೇ. ಋಗ್ವೇದದ ಏಳನೆಯ ಮಂಡಲದಲ್ಲಿ ಮಂಡೂಕಗಳನ್ನೇ ಕುರಿತ ಒಂದು ಸೂಕ್ತವಿದೆ. ಮಳೆಗಾಲದಲ್ಲಿ ದನಿಯೆತ್ತುವ ಕಪ್ಪೆಗಳನ್ನು ಅದು ಗೌರವದಿಂದ ಕಾಣುತ್ತದೆ. ವಚನಗಳಿಗೆ ಬಂದರೆ ಕಪ್ಪೆಯು ಬಹುಮಟ್ಟಿಗೆ ಮನುಷ್ಯನ ಮರವೆಗೆ ದೃಷ್ಟಾಂತ. ಬಸವಣ್ಣನವರು ಹಾವಿನ ಬಾಯಿಗೆ ಸಿಕ್ಕಿದ ಕಪ್ಪೆಯಲ್ಲಿ ಸಂಸಾರಿಯ ಆಸೆಯನ್ನು ಕಂಡರು. ಹೊಲ, ಕೆರೆ, ಹಾವು, ಕಪ್ಪೆಗಳನ್ನು ದಿನವೂ ಕಂಡವರು ಮಾತ್ರ ಕೊಡಬಲ್ಲ ದೃಷ್ಟಾಂತವದು; ಕೇಳಿದವರಿಗೂ ವಿವರಣೆ ಬೇಕಾಗಿರಲಿಲ್ಲ. ಇಂದಿನ ವಿದ್ಯಾರ್ಥಿಗೆ ಆ ವಚನವನ್ನು ಹೇಳುವಾಗ ಕಪ್ಪೆಯ ಚಿತ್ರ ತೋರಿಸಬೇಕಾಗಿ ಬಂದರೆ, ಹೋದದ್ದು ಕಪ್ಪೆಯೊಂದೇ ಅಲ್ಲ, ವಚನವನ್ನು ಓದುವ ಕಣ್ಣೂ ಹೌದು. ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯ ಬಂಡೆಯ ಮೇಲೆ ಸುಮಾರು 700ರ ಕಾಲದ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡ ತ್ರಿಪದಿಯ ಮೊದಲ ಉದಾಹರಣೆಗಳು ಅದರಲ್ಲಿವೆ. ‘ಕಪ್ಪೆ’ ಎಂಬುದು ಅಲ್ಲಿ ವೀರನ ಹೆಸರಿನ ಭಾಗ. ಅದಕ್ಕೂ ನಮ್ಮ ಪ್ರಾಣಿಗೂ ನಂಟು ಹಚ್ಚುವುದು ದುಡುಕಾದೀತು. ಆದರೂ ಕೆರೆಯ ದಂಡೆಯಲ್ಲಿ ಆ ಹೆಸರನ್ನು ಓದುವಾಗ ಸಂತೋಷವಾಗುತ್ತದೆ.

20ನೆಯ ಶತಮಾನದಲ್ಲಿ ಈ ಜೀವಕ್ಕೆ ಒದಗಿದ ಕಷ್ಟಗಳು ಒಂದೆರಡಲ್ಲ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಇವು ಎಲ್ಲರಿಗೂ ತಿಳಿದ ಕಥೆಗಳು. ಹೆಸರಿಲ್ಲದ ಕುಂಟೆಗಳು ಮುಚ್ಚಿಹೋದದ್ದಕ್ಕೆ ಕಥೆಯೂ ಇಲ್ಲ. ಸೊಳ್ಳೆಯ ಮರಿಯನ್ನು ತಿನ್ನಲೆಂದು 1928ರಲ್ಲಿ ಭಾರತಕ್ಕೆ ತಂದ ಗಂಬೂಸಿಯ ಮೀನು ಕಪ್ಪೆಯ ಮರಿಯನ್ನೂ ಬಿಡುವುದಿಲ್ಲ. ಕಪ್ಪೆ ಚರ್ಮದಿಂದಲೂ ಉಸಿರಾಡುವ ಪ್ರಾಣಿಯಾದ್ದರಿಂದ ಹೊಲಕ್ಕೆ ಸಿಂಪಡಿಸಿದ ವಿಷ ನೇರವಾಗಿ ಅದರ ಮೈಯೊಳಗೆ ಇಳಿಯುತ್ತದೆ. ಇವೆಲ್ಲದರ ಮೇಲೆ ಕಪ್ಪೆಯ ಕಾಲಿನ ವ್ಯಾಪಾರ. ಕೇರಳ, ತಮಿಳುನಾಡು, ಬಂಗಾಳಗಳ ಗದ್ದೆಗಳಲ್ಲಿ ರಾತ್ರಿ ದೀಪ ಹಿಡಿದು ಹಿಡಿದ ಕಪ್ಪೆಗಳ ಹಿಂಗಾಲುಗಳು ಐರೋಪ್ಯರ ಊಟದ ಮೇಜಿಗೆ ಹೋಗುತ್ತಿದ್ದವು. 1980ರ ದಶಕದ ಆರಂಭದಲ್ಲಿ ಆ ರಫ್ತು ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಟನ್ ಮುಟ್ಟಿತ್ತು. ಕಪ್ಪೆಯನ್ನು ತಕ್ಕಡಿಯಲ್ಲಿಟ್ಟು ತೂಗಲಾಗದು ಎಂಬ ಗಾದೆಯ ನಾಡಿನವರೇ ಹೀಗೆ ಟನ್ ಲೆಕ್ಕದಲ್ಲಿ ತೂಗಿದೆವು. ಗದ್ದೆಯಲ್ಲಿ ಕೀಟ ಹೆಚ್ಚಿತೆಂಬ ಕೂಗು ಎದ್ದಿತು. 1985ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ನಿಯಂತ್ರಣ ಪಟ್ಟಿಗೆ ಗೋಂಕರುಗಪ್ಪೆ ಸೇರಿತು. 1987ರಲ್ಲಿ ಭಾರತ ಸರ್ಕಾರ ರಫ್ತನ್ನೇ ನಿಷೇಧಿಸಿತು. ಆದರೂ ಜಗತ್ತಿನ ಒಟ್ಟು ಸ್ಥಿತಿ ಸುಧಾರಿಸಿಲ್ಲ. 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಭೂಮಿಯ ಮೇಲಿನ ಉಭಯವಾಸಿ ಜಾತಿಗಳಲ್ಲಿ ನೂರಕ್ಕೆ ಸುಮಾರು 41 ಅಳಿವಿನ ಅಪಾಯದಲ್ಲಿವೆ. ಹಕ್ಕಿಗಳೂ ಸಸ್ತನಿಗಳೂ ಇಷ್ಟು ಸಂಕಟದಲ್ಲಿಲ್ಲ.

ಹೊಸ ಕಟ್ಟೆಗಳನ್ನು ತೋಡಿದರೆ ಕಪ್ಪೆಗಳು ನಿಜವಾಗಿ ಹೆಚ್ಚುವುವೇ ಎಂಬ ಸಂಶಯ ಸಹಜ. ಇದಕ್ಕೆ ದೀರ್ಘಕಾಲದ ಸಾಕ್ಷ್ಯವು ಸ್ವಿಟ್ಜರ್‌ಲೆಂಡಿನ ಆರ್ಗೌ ಎಂಬ ಪ್ರಾಂತದಿಂದ ಬಂದಿದೆ. ಹೆದ್ದಾರಿ, ಕಾರ್ಖಾನೆ, ಬೇಸಾಯಗಳಿಂದ ಇಡುಕಿರಿದ ಆ ಪ್ರಾಂತದಲ್ಲಿ 1991ರಿಂದೀಚೆಗೆ ಸರ್ಕಾರ, ಸಂಘಗಳು, ಜಮೀನಿನ ಒಡೆಯರು ಕೂಡಿ ನೂರಾರು ಕೊಳಗಳನ್ನು ತೋಡಿದರು; ಇಪ್ಪತ್ತು ವರ್ಷ ಸ್ವಯಂಸೇವಕರು ರಾತ್ರಿಯಲ್ಲಿ ನಿಂತು ಕಪ್ಪೆಗಳನ್ನು ಎಣಿಸಿದರು. 422 ಹೊಸ ಕೊಳಗಳನ್ನೂ ಒಳಗೊಂಡ ಆ ಲೆಕ್ಕ 2022ರಲ್ಲಿ ಪ್ರಕಟವಾಯಿತು. ಪ್ರಾಂತದ ಬೇರೆಬೇರೆ ವಲಯಗಳಲ್ಲಿ ಗಮನಿಸಿದ ಉಭಯವಾಸಿ ಸಮೂಹಗಳಲ್ಲಿ ನೂರಕ್ಕೆ 52 ಹೆಚ್ಚಿದ್ದವು. ರಸ್ತೆಗಳು ಹೋಗಲಿಲ್ಲ, ಬೇಸಾಯದ ವಿಷ ಪೂರ್ತಿ ನಿಲ್ಲಲಿಲ್ಲ. ಕೊಳಗಳನ್ನು ಹೆಚ್ಚಿಸಿದ್ದಷ್ಟೇ ದೊಡ್ಡ ಬದಲಾವಣೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಒಂದು ದೊಡ್ಡ ಕೊಳಕ್ಕಿಂತ ಹತ್ತಿರ ಹತ್ತಿರದ ಹಲವು ಸಣ್ಣ ಕೊಳಗಳು ಮೇಲು. ಒಂದರಲ್ಲಿ ಮರಿ ಸತ್ತರೆ ಇನ್ನೊಂದರಿಂದ ಬಂದು ತುಂಬುತ್ತವೆ. ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಕೆರೆ, ಕಟ್ಟೆ, ಕುಂಟೆಗಳ ಸರಣಿಯನ್ನು ಕಟ್ಟಿದ ನಮ್ಮ ಹಿರಿಯರಿಗೆ ಈ ಮಾತು ಹೊಸದೆನಿಸುತ್ತಿರಲಿಲ್ಲ.

ನಮ್ಮ ಕಾಲದಲ್ಲಿಯೂ ಅಂತಹ ಒಬ್ಬರಿದ್ದರು. ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು. ಬೆಟ್ಟದ ಮೇಲೆ ಪ್ರಾಣಿಪಕ್ಷಿಗಳಿಗೆ ಕುಡಿಯಲು ನೀರಿಲ್ಲದ್ದನ್ನು ಕಂಡು, ಕುರಿ ಮಾರಿ ಹಾರೆ ಗುದ್ದಲಿ ಕೊಂಡು, ಹತ್ತಕ್ಕೂ ಹೆಚ್ಚು ಕಟ್ಟೆಗಳನ್ನು ತೋಡಿದರು. 2020ರಲ್ಲಿ ಪ್ರಧಾನಿಯವರು ಆಕಾಶವಾಣಿಯಲ್ಲಿ ಅವರ ಹೆಸರು ಹೇಳಿದ ಮೇಲೆ ನಾಡಿಗೆಲ್ಲ ಪರಿಚಿತರಾದರು, 2022ರಲ್ಲಿ ತೀರಿಕೊಂಡರು. ಅವರು ಯಾವ ಶಾಸ್ತ್ರವನ್ನೂ ಓದಿದವರಲ್ಲ. ಕುರಿ ಇಳಿದು ನೀರು ಕುಡಿದು ಮೇಲೆ ಹತ್ತಬೇಕು ಎಂಬುದು ಕುರಿ ಕಾಯುವವನಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ.

ಈ ಸಣ್ಣ ಸಂಗತಿಯಲ್ಲಿಯೇ ಇಂದಿನ ಯೋಜನೆಗಳು ಎಡವುತ್ತಿವೆ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಒಣಸೀಮೆಯ ರೈತರಿಗೆ ಕೃಷಿಹೊಂಡಗಳು ಬಂದವು. ಬೆಳೆಗೆ ಅವು ಆಸರೆಯಾದದ್ದು ನಿಜ. ಆದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಕಡಿದಾದ ಗೋಡೆಯೊಳಗೆ ಬಿದ್ದ ಕಪ್ಪೆ, ಓತಿಕೇತ, ಅಳಿಲು ಮೇಲೆ ಬರಲಾರವು. ಒಂದು ಹಳೆಯ ಗೋಣಿಚೀಲವನ್ನೋ ಹಗ್ಗದ ಬಲೆಯನ್ನೋ ಒಳಗೆ ಇಳಿಬಿಟ್ಟರೆ ಅವಕ್ಕೆ ಹತ್ತುವ ದಾರಿಯಾಗುತ್ತದೆ, ಖರ್ಚೇನೂ ಇಲ್ಲ. 2022ರಲ್ಲಿ ಕೇಂದ್ರ ಸರ್ಕಾರ ಜಿಲ್ಲೆಗೆ 75ರಂತೆ ಅಮೃತ ಸರೋವರಗಳ ಯೋಜನೆ ತಂದಿತು. ಒಂದೊಂದಕ್ಕೆ ಕನಿಷ್ಠ ಒಂದು ಎಕರೆ ವಿಸ್ತಾರ, ಸುಮಾರು ಒಂದು ಕೋಟಿ ಲೀಟರ್ ನೀರಿನ ಗುರಿ. ಉದ್ದೇಶ ಒಳ್ಳೆಯದು. ನೀರು ಎಷ್ಟು ನಿಲ್ಲಬೇಕೆಂಬ ಲೆಕ್ಕ ಅದರಲ್ಲಿದೆ. ದಂಡೆ ಹೇಗಿರಬೇಕೆಂಬ ಚಿಂತೆಯೂ ಅಷ್ಟೇ ಮುಖ್ಯವಾಗಬೇಕಿತ್ತು.

ನಮ್ಮ ಊರಿನ ಗೋಕಟ್ಟೆಯ ವಿಷಯವನ್ನು ಹೇಳಿ ಮುಗಿಸುತ್ತೇನೆ. ಊರ ಹೊರಗಿನ ಗೋಮಾಳದ ಅಂಚಿನಲ್ಲಿರುವ ಅದು ಮಾಘ ಮಾಸಕ್ಕೆಲ್ಲ ಬತ್ತುತ್ತದೆ. ಎರಡು ವರ್ಷಗಳ ಹಿಂದೆ ಅದನ್ನು ‘ಅಭಿವೃದ್ಧಿ’ಪಡಿಸುವ ಕಾಮಗಾರಿ ಮಂಜೂರಾಯಿತು. ನಾಲ್ಕೂ ಕಡೆ ಸಿಮೆಂಟಿನ ಗೋಡೆ, ಮೆಟ್ಟಿಲು, ಸುತ್ತ ತಂತಿಬೇಲಿ, ಎರಡು ದೀಪದ ಕಂಬ. ಗ್ರಾಮಸಭೆಯಲ್ಲಿ ನಾನು ಎದ್ದುನಿಂತು, ಸಿದ್ಧರಾಮರಿಂದ ಆರಂಭಿಸಿ ಆರ್ಗೌವರೆಗೆ ಇಲ್ಲಿ ಬರೆದುದನ್ನೆಲ್ಲ ಹೇಳಿದೆ. ಒಂದು ಕಡೆಯಾದರೂ ಮಣ್ಣಿನ ಇಳಿಜಾರು ಇರಲಿ, ಜೊಂಡು ಬೆಳೆಯಲಿ, ಪಕ್ಕದ ಕಲ್ಲುಗುಡ್ಡೆಯನ್ನೂ ಲಂಟಾನದ ಪೊದೆಯನ್ನೂ ಕಪ್ಪೆಯ ಬೇಸಗೆಯ ಬಿಡಾರವೆಂದು ಬಿಡಿ, ಎಲ್ಲಿಂದಲೂ ಕಪ್ಪೆ ತಂದು ಬಿಡಬೇಕಾಗಿಲ್ಲ, ಅವೇ ಬರುತ್ತವೆ ಎಂದೆ. ಸಭೆ ಸೌಜನ್ಯದಿಂದ ಕೇಳಿತು. ಒಬ್ಬರು, “ಮೇಷ್ಟ್ರೇ, ನಿಂತ ನೀರಿಗೆ ಸೊಳ್ಳೆ ಬರೋದಿಲ್ವೇ?” ಎಂದು ಕೇಳಿದರು. ಡೆಂಗೆಯ ಸೊಳ್ಳೆ ಹುಟ್ಟುವುದು ಹೆಚ್ಚಾಗಿ ನಮ್ಮ ಮನೆಯ ತೊಟ್ಟಿ, ಡ್ರಮ್ಮು, ಎಸೆದ ಟೈರುಗಳಲ್ಲಿ. ಜೀವಂತ ಕಟ್ಟೆಯಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿ, ನೀರುಹುಳುಗಳು ಸೊಳ್ಳೆಯ ಮರಿಯನ್ನು ತಿನ್ನುತ್ತವೆ ಎಂದು ಉತ್ತರಿಸಿದೆ. ನಂಬಿದವರು ಕೆಲವರು.

ಸಭೆಯನ್ನು ತಿರುಗಿಸಿದ್ದು ನನ್ನ ಮಾತಲ್ಲ. ಎಮ್ಮೆ ಕಾಯುವ ಹಿರಿಯರೊಬ್ಬರು ಮೂಲೆಯಿಂದ, “ನಾಕೂ ಕಡೆ ಗೋಡೆ ಕಟ್ಟಿದ್ರೆ ನನ್ನ ಎಮ್ಮೆ ಎಲ್ಲಿಂದ ಇಳೀತಾವೆ? ಮೆಟ್ಲು ಎಮ್ಮೆಗಲ್ಲ, ಫೋಟೋಕ್ಕೆ” ಎಂದರು. ಗೋಕಟ್ಟೆ ಎಂಬ ಹೆಸರಿನಲ್ಲಿ ‘ಗೋ’ ಇದ್ದದ್ದು ಆಗ ಎಲ್ಲರಿಗೂ ನೆನಪಾಯಿತು. ಮೂರು ಕಡೆ ಕಲ್ಲು, ಪೂರ್ವದ ಕಡೆ ಹಳೆಯ ಇಳಿಜಾರು ಎಂದು ತೀರ್ಮಾನವಾಯಿತು. ಬೇಲಿಯೂ ಒಂದು ದೀಪವೂ ಕೈಬಿಟ್ಟವು.

ಹೋದ ವರ್ಷ ರೋಹಿಣಿ ಮಳೆ ತಡವಾಯಿತು. ಬಂದ ರಾತ್ರಿ ಕೊಡೆ ಹಿಡಿದು ಹೋಗಿ ಪೂರ್ವದ ದಂಡೆಯಲ್ಲಿ ನಿಂತೆ. ಮಾತಾಡಿದರೆ ಕೇಳದಷ್ಟು ಗದ್ದಲ. ಬೆಳಿಗ್ಗೆ ನೋಡಿದಾಗ ಎಮ್ಮೆಯ ಗೊರಸಿನ ಗುಳಿಗಳಲ್ಲಿ ನಿಂತಿದ್ದ ನೀರಿನಲ್ಲಿಯೂ ಕರಿಮಣಿಯ ಎಳೆಗಳಿದ್ದವು. ಈಗ ಕಟ್ಟೆಗೆ ಮೀನುಮರಿ ಬಿಟ್ಟು ವರ್ಷಕ್ಕೊಮ್ಮೆ ಹರಾಜು ಹಾಕಿದರೆ ಪಂಚಾಯತಿಗೆ ಆದಾಯವಾಗುತ್ತದೆ ಎಂಬ ಸಲಹೆ ಬಂದಿದೆ. ಬತ್ತುವ ಕಟ್ಟೆಯಲ್ಲಿ ಮೀನು ನಿಲ್ಲುವುದಿಲ್ಲವಾದ್ದರಿಂದ ಅದನ್ನು ಇನ್ನೂ ಆಳ ಮಾಡಿಸಬೇಕೆಂದೂ ಅದರಲ್ಲಿ ಸೇರಿದೆ. ಮುಂದಿನ ಸಭೆಯಲ್ಲಿ ಅದು ಚರ್ಚೆಗೆ ಬರಲಿದೆ. ಎಮ್ಮೆಯ ಹಿರಿಯರನ್ನು ಈ ಸಲ ಮುಂದಿನ ಸಾಲಿನಲ್ಲಿ ಕೂರಿಸಬೇಕೆಂದು ಹೇಳಿ ಬಂದಿದ್ದೇನೆ.